ತುಂಬುಗೂದಲಿಗೆ ಗಿಡ್ಡ ವಿಗ್

ವಿಗ್ ಕೊಳ್ಳಲು ಹೊರಟ ಹೆಂಗಸರಲ್ಲಿ ಹೆಚ್ಚಿನವರು ಮೊದಲು ಕೇಳುವುದು ಉದ್ದ ಕೂದಲಿನದ್ದನ್ನೇ. ಕಳೆದುಕೊಂಡದ್ದು ಉದ್ದ ಜಡೆಯಾದರೆ ಮನಸ್ಸು ಅದನ್ನೇ ಬಯಸುತ್ತದೆ, ಅದರಲ್ಲಿ ತಪ್ಪೇನಿಲ್ಲ. ಆದರೆ ದಿನಾ ಲೋಕಲ್ ಹತ್ತಿ ಇಳಿಯುವ, ಎರಡು ಹೊತ್ತು ಒಲೆಯ ಮುಂದೆ ನಿಲ್ಲುವ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆ ಗಾಳಿಯಲ್ಲೇ ಬದುಕುವ ಮುಂಬಯಿ ಕುರ್ಲಾದ ಹೆಣ್ಣುಮಗಳಿಗೆ ಯಾವುದು ಒಳ್ಳೆಯದು ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಒಂದೇ: ಭುಜಕ್ಕೆ ತಾಗದ, ಲೇಯರ್ ಕಟ್ ಮಾಡಿದ ಗಿಡ್ಡ ವಿಗ್. ಅದರ ತೂಕ ಕಡಿಮೆ, ಬೆಲೆ ಕಡಿಮೆ, ಬಾಳಿಕೆ ಹೆಚ್ಚು. ತಲೆ ತುಂಬಿ ಕಾಣುವುದೂ ಅದರಲ್ಲೇ.

ಕುರ್ಲಾದ ಹೆಸರು ಹೇಳಿದ್ದಕ್ಕೆ ಕಾರಣವಿದೆ. ಮಂಗಳೂರಿನಿಂದ ಉಡುಪಿ, ಕುಂದಾಪುರ ದಾಟಿ ಬರುವ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಕೊನೆಗೆ ನಿಲ್ಲುವುದು ಇಲ್ಲಿನ ಲೋಕಮಾನ್ಯ ತಿಲಕ್ ಟರ್ಮಿನಸ್‌ನಲ್ಲಿ. ಪರೇಲಿನ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಗೆಂದು ಊರಿನಿಂದ ಬರುವ ಎಷ್ಟೋ ಮಂದಿ ಇಲ್ಲಿಳಿದು, ನೆಹರೂ ನಗರದಲ್ಲೋ ಚುನಾಭಟ್ಟಿಯಲ್ಲೋ ತಿಲಕ್ ನಗರದಲ್ಲೋ ಇರುವ ನೆಂಟರ ಮನೆಯಲ್ಲಿ ಉಳಿದುಕೊಂಡು ಚಿಕಿತ್ಸೆ ಪಡೆಯುತ್ತಾರೆ. ಕುರ್ಲಾದಲ್ಲಿ ಸ್ಲೋ ಗಾಡಿ ಹಿಡಿದರೆ ಸಾಯನ್, ಮಾಟುಂಗಾ, ದಾದರ್ ಕಳೆದು ಪರೇಲ್. 1941ರಲ್ಲಿ ಬಾಗಿಲು ತೆರೆದ ಆ ಆಸ್ಪತ್ರೆಯ ದಾರಿ ಕರಾವಳಿಯ ಬಹಳ ಮನೆಗಳಿಗೆ ಗೊತ್ತು. ಕೂದಲು ಉದುರಿಸುವ ಕಿಮೋ ಔಷಧಿಯಾದರೆ, ಮೊದಲ ಡೋಸ್ ಆದ ಎರಡು ಮೂರು ವಾರಗಳಲ್ಲಿ ದಿಂಬಿನ ಮೇಲೆ ಕೂದಲು ಕಾಣಿಸತೊಡಗುತ್ತದೆ. ಆಗ "ಅಕ್ಕಾ, ಇಲ್ಲಿ ವಿಗ್ ಎಲ್ಲಿ ಸಿಗ್ತದೆ? ಎಂಥದ್ದು ತಗೊಳ್ಳುವುದು?" ಎಂಬ ಪ್ರಶ್ನೆ ಬರುವುದು ಇಲ್ಲಿನ ನೆಂಟರಿಗೇ.

ಕಿಮೋ ಒಂದೇ ಕಾರಣವಲ್ಲ. ಹೆರಿಗೆಯ ಅಥವಾ ಜೋರು ಜ್ವರದ ಎರಡು ಮೂರು ತಿಂಗಳ ನಂತರ ಕೂದಲು ಹಿಡಿಹಿಡಿಯಾಗಿ ಉದುರುವುದುಂಟು. ಅದು ಸಾಮಾನ್ಯವಾಗಿ ತಾನಾಗಿ ಮರಳುತ್ತದೆ. ಕಬ್ಬಿಣಾಂಶದ ಕೊರತೆ, ಥೈರಾಯ್ಡ್ ತೊಂದರೆ ಇದ್ದರೆ ಔಷಧಿ ಬೇಕು. ನಡುವಯಸ್ಸಿನ ಹೆಂಗಸರಲ್ಲಿ ಹಣೆಯ ಅಂಚು ಹಾಗೇ ಉಳಿದು ಬೈತಲೆ ಮಾತ್ರ ಅಗಲವಾಗುತ್ತಾ ಹೋಗುವ ಬಗೆಯನ್ನು 1977ರಲ್ಲಿ ಲುಡ್‌ವಿಗ್ ಎಂಬ ವೈದ್ಯರು ಮೂರು ಹಂತವಾಗಿ ವಿಂಗಡಿಸಿದರು, ಚರ್ಮವೈದ್ಯರು ಇಂದಿಗೂ ಅದನ್ನು ಬಳಸುತ್ತಾರೆ. ಅಂಥವರಿಗೆ ಇಡೀ ವಿಗ್ ಬೇಡ, ನೆತ್ತಿಯನ್ನಷ್ಟೇ ಮುಚ್ಚುವ ಟಾಪರ್ ಸಾಕು. ಬಿಲ್ಲೆ ಬಿಲ್ಲೆಯಾಗಿ ಕೂದಲು ಹೋಗುವ ಅಲೋಪೇಶಿಯಾ ಅರಿಯಾಟಾಕ್ಕೆ ಈಗ ಹೊಸ ಔಷಧಿಗಳೂ ಬಂದಿವೆ. ಆದ್ದರಿಂದ ಅಂಗಡಿಗಿಂತ ಮೊದಲು ಚರ್ಮವೈದ್ಯರನ್ನು ನೋಡಬೇಕು.

ಇನ್ನು, ತಲೆ ತುಂಬಿ ಕಾಣುವುದು ಹೇಗೆ ಎಂಬ ಮುಖ್ಯ ವಿಷಯ. ವಿಗ್ಗಿನಲ್ಲಿ ಕೂದಲು ಹೆಚ್ಚಿದ್ದಷ್ಟೂ ದಟ್ಟ ಕಾಣುತ್ತದೆ ಎಂದು ಬಹಳ ಮಂದಿ ನಂಬುತ್ತಾರೆ, ಕೆಲವು ಅಂಗಡಿಯವರೂ ಹಾಗೆಯೇ ಮಾರುತ್ತಾರೆ. ಇದು ಸರಿಯಲ್ಲ. ಉದ್ದ ಕೂದಲು ತನ್ನ ಭಾರಕ್ಕೆ ತಾನೇ ಕೆಳಗೆ ಜಗ್ಗುತ್ತದೆ. ನೆತ್ತಿ ಚಪ್ಪಟೆಯಾಗಿ, ಕೂದಲೆಲ್ಲ ಭುಜದ ಮೇಲೆ ರಾಶಿ ಬೀಳುತ್ತದೆ. ಲೇಯರ್ ಕಟ್ಟಿನಲ್ಲಿ ನೆತ್ತಿಯ ಕೂದಲು ಗಿಡ್ಡ, ಕೆಳಗಿಳಿದಂತೆ ಸ್ವಲ್ಪ ಸ್ವಲ್ಪವೇ ಉದ್ದ. ಮೇಲಿನ ಗಿಡ್ಡ ಕೂದಲಿಗೆ ಭಾರವಿಲ್ಲದ್ದರಿಂದ ಅದು ಬುಡದಲ್ಲಿ ಎದ್ದು ನಿಲ್ಲುತ್ತದೆ, ಕೆಳಗಿನ ಪದರ ಅದಕ್ಕೆ ಆಸರೆ ಕೊಡುತ್ತದೆ. ತುದಿಗಳೆಲ್ಲ ಒಂದೇ ಗೆರೆಯಲ್ಲಿ ಮುಗಿಯದೆ ಬೇರೆ ಬೇರೆ ಎತ್ತರದಲ್ಲಿ ನಿಲ್ಲುವುದರಿಂದ ನಡುವೆ ಗಾಳಿಯಾಡುತ್ತದೆ, ನೆರಳು ಬೀಳುತ್ತದೆ. ಕಣ್ಣಿಗೆ ಅದೇ ದಟ್ಟಣೆಯಾಗಿ ಕಾಣುತ್ತದೆ.

ಯಂತ್ರದಲ್ಲಿ ಹೊಲಿದ ಗಿಡ್ಡ ವಿಗ್ಗುಗಳಲ್ಲಿ ಇನ್ನೊಂದು ಉಪಾಯವೂ ಇರುತ್ತದೆ. ಕೂದಲನ್ನು ಸಾಲುಸಾಲಾಗಿ ಪಟ್ಟಿಗೆ ಹೊಲಿದು, ಆ ಪಟ್ಟಿಗಳನ್ನು ಟೊಪ್ಪಿಯ ಮೇಲೆ ಜೋಡಿಸಿರುತ್ತಾರೆ. ಹೊಲಿಗೆ ಕಾಣದ ಹಾಗೆ ನೆತ್ತಿಯ ಭಾಗದಲ್ಲಿ, ಮೇಲಿನ ಕೂದಲಿನ ಅಡಿಯಲ್ಲಿ, ಸುಕ್ಕುಸುಕ್ಕಾದ ಬಹಳ ಗಿಡ್ಡ ಎಳೆಗಳನ್ನು ತುಂಬಿರುತ್ತಾರೆ. ವಿಗ್ಗಿನ ನೆತ್ತಿ ಉಬ್ಬಿ ಕಾಣುವುದು ಹೆಚ್ಚಾಗಿ ಇವುಗಳಿಂದಲೇ. ಮನೆಗೆ ತಂದ ಮೊದಲ ದಿನವೇ ಇದನ್ನು ಸಿಕ್ಕು ಎಂದುಕೊಂಡು ಬಾಚಣಿಗೆ ಹಾಕಿ ಎಳೆದು ಕಿತ್ತವರಿದ್ದಾರೆ. ಮತ್ತೆ ಹೊಲಿಗೆಯ ಗೆರೆ ಕಾಣುತ್ತದೆ ಎಂದು ದೂರುವವರೂ ಅವರೇ. ಆ ಸುಕ್ಕಿನ ಎಳೆಗೆ ಬಾಚಣಿಗೆ ತಾಗಿಸಬಾರದು. ಮೇಲಿನ ಕೂದಲನ್ನು ಬೆರಳಿನಿಂದ ಎತ್ತಿ ಬಿಟ್ಟರೆ ಸಾಕು. ನೆತ್ತಿ ತೀರಾ ಉಬ್ಬಿದೆ ಅನಿಸಿದರೆ ಒಳಗಿನ ಎಳೆಗಳನ್ನು ಅಂಗೈಯಿಂದ ಮೆಲ್ಲಗೆ ಒತ್ತಿ ಕೂರಿಸಬಹುದು.

ಒಂದೊಂದೇ ಎಳೆಯನ್ನು ತೆಳ್ಳನೆಯ ಬಲೆಗೆ ಕೈಯಿಂದ ಗಂಟು ಹಾಕಿದ ಮೊನೊಫಿಲಮೆಂಟ್ ವಿಗ್ಗುಗಳೂ ಇವೆ. ಅವುಗಳಲ್ಲಿ ಬೈತಲೆ ಬೇಕಾದ ಕಡೆ ತೆಗೆಯಬಹುದು, ಬಲೆಯ ಕೆಳಗೆ ನಮ್ಮ ತಲೆಯ ಚರ್ಮವೇ ಕಾಣುತ್ತದೆ. ಬೆಲೆ ಹೆಚ್ಚು, ಉಬ್ಬು ಕಡಿಮೆ. ಕೂದಲು ಪೂರ್ತಿ ಹೋಗಿ ಚರ್ಮ ಉರಿಯುವವರಿಗೆ ಇದರ ಮೃದು ತಳ ಹಿತ. ಇಲ್ಲದಿದ್ದರೆ ಹೊಲಿದ ಪಟ್ಟಿಯ ವಿಗ್ಗಿನ ಒಳಗೆ ಹತ್ತಿಯ ತೆಳು ಟೊಪ್ಪಿ ಹಾಕಿಕೊಂಡರೂ ನಡೆಯುತ್ತದೆ. ಪಟ್ಟಿಗಳ ನಡುವೆ ಸಂದು ಬಿಟ್ಟಿರುವ ಟೊಪ್ಪಿಯಲ್ಲಿ ಗಾಳಿ ಓಡಾಡುವುದರಿಂದ ಮುಂಬಯಿಯ ಸೆಕೆಗೆ ನಾನು ಅದನ್ನೇ ಹೇಳುವುದು.

ಅಂಗಡಿಯಲ್ಲಿ 130, 150, 180 ಶೇಕಡಾ ಎಂದು ಸಾಂದ್ರತೆಯ ಲೆಕ್ಕ ಹೇಳುತ್ತಾರೆ. ಅದು ವಿಗ್ ತಯಾರಕರ ಅಳತೆ. 120-130ರ ಆಸುಪಾಸಿನದು ಸಾಮಾನ್ಯ ತಲೆಯಂತೆ ಕಾಣುತ್ತದೆ. 180 ಎಂದರೆ ವೇದಿಕೆಗೆ ಸರಿ. ಕುರ್ಲಾದ ಬಂಟರ ಭವನದಲ್ಲಿ ಯಕ್ಷಗಾನ ನೋಡಿದವರಿಗೆ ಗೊತ್ತು, ಸ್ತ್ರೀವೇಷಕ್ಕೆ ಕಟ್ಟುವ ಚೌರಿ ಕೊನೆಯ ಸಾಲಿನಲ್ಲಿ ಕೂತವರಿಗೂ ಎದ್ದು ಕಾಣಬೇಕು, ಆ ವೇಷಕ್ಕೆ ಅದೇ ಶೋಭೆ. ದಿನಬಳಕೆಯ ವಿಗ್ಗನ್ನು ನೋಡುವ ಕಣ್ಣು ಬೇರೆ. ಲೇಡೀಸ್ ಡಬ್ಬಿಯಲ್ಲಿ ನಾಲ್ಕನೇ ಸೀಟಿಗೆ ಒತ್ತಿ ಕೂತವಳ ಮುಖ ನಮ್ಮ ಕಿವಿಯಿಂದ ಗೇಣು ದೂರದಲ್ಲಿರುತ್ತದೆ. ಅಲ್ಲಿ ನಂಬುವಂತೆ ಕಾಣಬೇಕಾದರೆ ಕೂದಲು ಸ್ವಲ್ಪ ಕಡಿಮೆಯೇ ಇರಬೇಕು, ಕಟ್ ಮಾತ್ರ ಚೆನ್ನಾಗಿರಬೇಕು.

ವಿಗ್ ಎಂದು ಮೊದಲು ಗೊತ್ತಾಗುವುದು ಹಣೆಯ ಅಂಚಿನಲ್ಲಿ. ಗಿಡ್ಡ ಲೇಯರ್ ಕಟ್ಟಿನಲ್ಲಿ ಹಣೆಗೆ ಓರೆಯಾಗಿ ಬೀಳುವ ಫ್ರಿಂಜ್ ಇದ್ದರೆ ಆ ಅಂಚೇ ಕಾಣುವುದಿಲ್ಲ. ದುಬಾರಿ ಲೇಸ್, ಅಂಟು, ಟೇಪು ಯಾವುದೂ ಬೇಡ. ಕಿಮೋ ತೆಗೆದುಕೊಳ್ಳುತ್ತಿರುವವರು ಅಂಟನ್ನು ಮುಟ್ಟದಿರುವುದೇ ಒಳ್ಳೆಯದು, ಆಗ ಚರ್ಮ ಬಹಳ ಸೂಕ್ಷ್ಮವಾಗಿರುತ್ತದೆ. ಮುಖ ದುಂಡಗಿದ್ದರೆ ನೆತ್ತಿಯಲ್ಲಿ ಎತ್ತರ, ಕೆನ್ನೆಯ ಪಕ್ಕದಲ್ಲಿ ತೆಳು ಇರುವ ಕಟ್ ಒಪ್ಪುತ್ತದೆ. ಉದ್ದ ಮುಖಕ್ಕೆ ನೆತ್ತಿ ಏರಿಸುವುದು ಬೇಡ, ಕಿವಿಯ ಪಕ್ಕದಲ್ಲಿ ತುಂಬಿರಲಿ, ಫ್ರಿಂಜ್ ದೊಡ್ಡದಿರಲಿ. ಇದಕ್ಕಿಂತ ದೊಡ್ಡ ಶಾಸ್ತ್ರ ಇದರಲ್ಲಿಲ್ಲ.

ಬಣ್ಣದ ವಿಷಯದಲ್ಲಿ ನಮ್ಮವರು ಹೆಚ್ಚಾಗಿ ಕಡುಗಪ್ಪು ಆರಿಸಿ ಕೆಡುತ್ತಾರೆ. ನಮ್ಮ ಕೂದಲನ್ನು ಬಿಸಿಲಿನಲ್ಲಿ ಹಿಡಿದು ನೋಡಿದರೆ ಅದು ಅಪ್ಪಟ ಕಪ್ಪಾಗಿರುವುದು ಅಪರೂಪ, ಕಂದು ಬೆರೆತ ಕಪ್ಪಾಗಿರುತ್ತದೆ. ಬಣ್ಣದ ಪಟ್ಟಿಯಲ್ಲಿ 1 ಎಂದರೆ ಕಡುಗಪ್ಪು. ಭಾರತೀಯ ಮುಖಗಳಿಗೆ ಹೆಚ್ಚು ಹೊಂದುವುದು 1ಬಿ ಅಥವಾ 2. ಅರವತ್ತರ ಆಚೆಯವರು ಅಲ್ಲಲ್ಲಿ ನರೆ ಬೆರೆಸಿದ್ದನ್ನು ಧೈರ್ಯವಾಗಿ ತೆಗೆದುಕೊಳ್ಳಲಿ, ಮುಖಕ್ಕೆ ಅದೇ ಗೆಲುವು ತರುತ್ತದೆ. ಟ್ಯೂಬ್‌ಲೈಟಿನಡಿ ಬಣ್ಣ ನಿರ್ಧರಿಸಬೇಡಿ, ಅಂಗಡಿಯ ಬಾಗಿಲಿಗೆ ಬಂದು ಹಗಲು ಬೆಳಕಿನಲ್ಲಿ ನೋಡಿ.

ಸಿಂಥೆಟಿಕ್ ತಗೊಳ್ಳುವುದೋ, ಮನುಷ್ಯರ ಕೂದಲಿನದೋ? ಮನುಷ್ಯರ ಕೂದಲಿನದೇ ಶ್ರೇಷ್ಠ ಎಂದು ಸಾಮಾನ್ಯ ನಂಬಿಕೆ. ಗಿಡ್ಡ ಲೇಯರ್ ಕಟ್ಟಿಗೆ, ಅದರಲ್ಲೂ ಮುಂಬಯಿಯ ಮಳೆಗಾಲಕ್ಕೆ, ನಾನು ಅದನ್ನು ಒಪ್ಪುವುದಿಲ್ಲ. ನಿಜವಾದ ಕೂದಲು ಗಾಳಿಯ ತೇವವನ್ನು ಹೀರುತ್ತದೆ. ಬೆಳಿಗ್ಗೆ ಪಾರ್ಲರಿನಲ್ಲಿ ಮಾಡಿಸಿದ ಉಬ್ಬು ಕುರ್ಲಾ ಸ್ಟೇಷನ್ನಿನ ಸೇತುವೆ ದಾಟಿ ಸೆಂಟ್ರಲ್‌ನಿಂದ ಹಾರ್ಬರ್ ಲೈನಿಗೆ ಬರುವಷ್ಟರಲ್ಲಿ ಇಳಿದಿರುತ್ತದೆ. ಸಿಂಥೆಟಿಕ್ ಎಳೆ ನೀರನ್ನು ಹೆಚ್ಚು ಹೀರುವುದಿಲ್ಲ. ಅದಕ್ಕೆ ಕೊಟ್ಟ ಆಕಾರ ಕಾರ್ಖಾನೆಯಲ್ಲೇ ಶಾಖದಿಂದ ಕೂರಿಸಿದ್ದು. ಒಗೆದು, ಕೊಡವಿ, ನೆರಳಿನಲ್ಲಿ ಒಣಗಿಸಿದರೆ ಮತ್ತೆ ಅದೇ ಲೇಯರ್, ಅದೇ ಉಬ್ಬು. ಉದ್ದದ ಸಿಂಥೆಟಿಕ್ ವಿಗ್ ಕತ್ತಿನ ಹಿಂದೆ ಕಾಲರಿಗೂ ದುಪಟ್ಟಾಕ್ಕೂ ಉಜ್ಜಿ ಬೇಗ ಗುಂಗುರು ಗುಂಗುರಾಗಿ ಕೆಡುತ್ತದೆ. ಗಿಡ್ಡದ್ದಕ್ಕೆ ಆ ಉಜ್ಜಾಟವೇ ಇಲ್ಲ. ದಿನಾ ಹಾಕಿದರೆ ಸಿಂಥೆಟಿಕ್ ಸುಮಾರು ಆರು ತಿಂಗಳು ಬರುತ್ತದೆ. ಚೆನ್ನಾಗಿ ನೋಡಿಕೊಂಡರೆ ಕೂದಲಿನದ್ದು ವರ್ಷ ದಾಟುತ್ತದೆ, ಆದರೆ ಬೆಲೆ ಹಲವು ಪಟ್ಟು. ಹೊಸ ಸಿಂಥೆಟಿಕ್ಕಿನ ಹೊಳಪು ಒಂದೆರಡು ತೊಳೆತಕ್ಕೆ ಇಳಿಯುತ್ತದೆ. ಅಲ್ಲಿಯವರೆಗೆ ಚಿಟಿಕೆ ಟಾಲ್ಕಂ ಪೌಡರ್ ಉದುರಿಸಿ ಕೊಡವಿದರೂ ಆಯಿತು.

ಸಿಂಥೆಟಿಕ್ಕಿನ ನಿಜವಾದ ಶತ್ರು ಶಾಖ. ಕುಕ್ಕರಿನ ಮುಚ್ಚಳ ತೆಗೆದಾಗ ಮುಖಕ್ಕೆ ಬಡಿಯುವ ಹಬೆ, ದೋಸೆ ಕಾವಲಿಯ ಮೇಲೆ ಬಗ್ಗಿದಾಗ ತಾಗುವ ಬಿಸಿ, ಓವನ್ನಿನ ಬಾಗಿಲು ತೆರೆದಾಗ ನುಗ್ಗುವ ಗಾಳಿ ಒಂದೇ ಸಲಕ್ಕೆ ಮುಂದಿನ ಫ್ರಿಂಜನ್ನು ಸುಟ್ಟ ಹುಲ್ಲಿನಂತೆ ಮಾಡಬಲ್ಲವು. ಮತ್ತೆ ಅದು ಸರಿಹೋಗುವುದಿಲ್ಲ. ಅಡುಗೆಮನೆಯಲ್ಲಿ ಹತ್ತಿಯ ಬಟ್ಟೆ ಕಟ್ಟಿಕೊಳ್ಳಿ, ವಿಗ್ ಹೊರಗಿರಲಿ. ಆರತಿ ತೆಗೆದುಕೊಳ್ಳುವಾಗ ಜ್ವಾಲೆಯ ಮೇಲೆ ಬಗ್ಗಬೇಡಿ, ಕೈ ಚಾಚಿ ತೆಗೆದುಕೊಳ್ಳಿ. ಬಿಸಿ ತಡೆಯುವ ಸಿಂಥೆಟಿಕ್ ಎಂದು ಮಾರುವುದೂ ಇದೆ. ಅದು ಇಂತಿಷ್ಟು ಡಿಗ್ರಿಯ ಇಸ್ತ್ರಿಗೆ ಮಾತ್ರ, ಕುಕ್ಕರಿನ ಹಬೆಗಲ್ಲ.

ಬೈತಲೆಗೆ ಕುಂಕುಮ ಇಡುವವರು ಪುಡಿಯನ್ನು ವಿಗ್ಗಿನ ಬಲೆಯ ಮೇಲೆ ಹಾಕಿದರೆ ಕಲೆ ಹೋಗುವುದಿಲ್ಲ. ಹಣೆಯಲ್ಲೇ ಇಟ್ಟುಕೊಳ್ಳಿ. ಮಲ್ಲಿಗೆಯ ಮಾತನ್ನು ನಮ್ಮ ಹೆಂಗಸರು ಕೇಳಿಯೇ ಕೇಳುತ್ತಾರೆ: ಗಿಡ್ಡ ಕೂದಲಿಗೆ ಮುಡಿಯುವುದು ಹೇಗೆ? ಊರಿನ ಶಂಕರಪುರ ಮಲ್ಲಿಗೆ ಮುಂಬಯಿಗೂ ಬರುತ್ತದೆ, ಬಂಟರ ಭವನದ ಮದುವೆಗೆ ಅದಿಲ್ಲದೆ ಹೋಗಲು ಯಾರಿಗೂ ಮನಸ್ಸು ಬಾರದು. ಮುಡಿಯಬಹುದು. ಹೆಡತಲೆಯ ಮೇಲ್ಭಾಗದಲ್ಲಿ ವಿಗ್ಗಿನ ಒಳಗೆ ಬೆರಳಾಡಿಸಿದರೆ ಹೊಲಿದ ಪಟ್ಟಿ ಸಿಗುತ್ತದೆ. ಯು ಪಿನ್ನನ್ನು ಆ ಪಟ್ಟಿಗೇ ಸಿಕ್ಕಿಸಿ ಗಿಡ್ಡ ತುಂಡೊಂದನ್ನು ಅಡ್ಡಕ್ಕೆ ಇಡಿ. ಬಲೆಗೆ ಸಿಕ್ಕಿಸಿದರೆ ಹರಿಯುತ್ತದೆ. ನೀರು ಚಿಮುಕಿಸಿದ ಹೂವು ಭಾರ ಹೆಚ್ಚು, ಮುಡಿಯುವ ಮೊದಲು ನೀರು ಕೊಡವಿ. ಒಂದೂವರೆ ಮೊಳ ಬೇಡ, ಅರ್ಧ ಮೊಳ ಸಾಕು.

ಇಷ್ಟಾದರೂ ನಿಜವಾದ ಕೂದಲಿನದ್ದೇ ಬೇಕು ಎನ್ನುವವರಿಗೆ ಆ ಕೂದಲು ಎಲ್ಲಿಂದ ಬರುತ್ತದೆ ಎಂಬುದು ತಿಳಿದಿರಬೇಕು, ಬೆಲೆಯ ಗುಟ್ಟು ಅಲ್ಲೇ ಇರುವುದು. ತಿರುಪತಿಯಂಥ ಕ್ಷೇತ್ರಗಳಲ್ಲಿ ಮುಡಿ ಕೊಟ್ಟಾಗ ಕೂದಲು ಬುಡ ತುದಿ ಒಂದೇ ಕಡೆಗಿರುವ ಹಾಗೆ ಸಿಗುತ್ತದೆ. ಅದು ಹರಾಜಿನಲ್ಲಿ ಒಳ್ಳೆಯ ಬೆಲೆಗೆ ಹೋಗುತ್ತದೆ. ಇನ್ನೊಂದು ದಾರಿ ನಮ್ಮ ಕೊಪ್ಪಳದ ಭಾಗ್ಯನಗರದ್ದು. ಬಾಚಣಿಗೆಯಲ್ಲಿ ಬಂದ ಕೂದಲನ್ನು ಉಂಡೆ ಮಾಡಿಟ್ಟು ಪಾತ್ರೆಗೋ ಪಿನ್ನಿಗೋ ಬಲೂನಿಗೋ ಕೊಡುವುದನ್ನು ಹಳ್ಳಿಗಳಲ್ಲಿ ಎಲ್ಲರೂ ಕಂಡಿದ್ದೇವೆ. ಅಂಥ ಉಂಡೆಗಳು ಮೂಟೆ ಮೂಟೆಯಾಗಿ ಬರುವ ಊರುಗಳಲ್ಲಿ ಭಾಗ್ಯನಗರ ಹೆಸರಾದದ್ದು. ಅಲ್ಲಿ ಹೆಂಗಸರು ಕೂತು ಉಂಡೆಗಳನ್ನು ಎಳೆ ಎಳೆಯಾಗಿ ಬಿಡಿಸಿ, ಕಸ ತೆಗೆದು, ಉದ್ದಕ್ಕೆ ತಕ್ಕಂತೆ ವಿಂಗಡಿಸಿ ಕಟ್ಟು ಮಾಡುತ್ತಾರೆ. ದೂಳು ಕುಡಿಯುತ್ತಾ, ಕಣ್ಣು ಸೋಲುವವರೆಗೆ ಮಾಡುವ ಕೆಲಸ. ಬಹುಕಾಲ ಇದು ಚೀನಾ ಮೊದಲಾದ ಕಡೆಗೆ ಕಚ್ಚಾ ರೂಪದಲ್ಲೇ ಹೋಗಿ ಅಲ್ಲಿ ವಿಗ್ ಆಗುತ್ತಿತ್ತು. 2022ರ ಜನವರಿಯಲ್ಲಿ ಕೇಂದ್ರ ಸರ್ಕಾರ ಮನುಷ್ಯರ ಕೂದಲಿನ ರಫ್ತಿಗೆ ಪರವಾನಗಿ ಬೇಕೆಂಬ ನಿರ್ಬಂಧ ಹಾಕಿತು. ಈ ಹೆಂಗಸರ ಕೈಕೆಲಸ ವಿಗ್ಗಿನ ಕೊನೆಯ ಹೊಲಿಗೆಯವರೆಗೂ ನಮ್ಮಲ್ಲೇ ನಡೆಯಬೇಕು, ಅದರ ಕೂಲಿಯೂ ಇಲ್ಲೇ ಉಳಿಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕೊಳ್ಳುವವರಿಗೆ ಇದರಿಂದ ತಿಳಿಯಬೇಕಾದದ್ದು ಇಷ್ಟು. ಪ್ರತಿ ಕೂದಲಿನ ಮೈಮೇಲೆ ಸೂಕ್ಷ್ಮ ಪೊರೆಗಳು ಮಾಡಿಗೆ ಹೊದೆಸಿದ ಮಂಗಳೂರು ಹಂಚಿನಂತೆ ಬುಡದಿಂದ ತುದಿಯ ಕಡೆಗೆ ಒಂದರ ಮೇಲೊಂದು ಇಳಿದಿರುತ್ತವೆ. ಮುಡಿ ಕೊಟ್ಟ ಕೂದಲಿನಲ್ಲಿ ಎಲ್ಲ ಎಳೆಗಳ ಪೊರೆಯೂ ಒಂದೇ ದಿಕ್ಕಿಗಿರುವುದರಿಂದ ಸಿಕ್ಕಾಗುವುದಿಲ್ಲ. ವ್ಯಾಪಾರದಲ್ಲಿ ಇದನ್ನು ರೆಮಿ ಎನ್ನುತ್ತಾರೆ. ಉಂಡೆಯಿಂದ ಬಿಡಿಸಿದ ಕೂದಲಿನಲ್ಲಿ ಬುಡ ತುದಿ ಕಲೆಸಿ ಹೋಗಿರುತ್ತವೆ. ಅದನ್ನು ಹಾಗೇ ಬಳಸಿದರೆ ಗಂಟಾಗುತ್ತದೆ ಎಂದು ಆಮ್ಲದಲ್ಲಿ ಪೊರೆ ತೆಗೆದು ಸಿಲಿಕೋನ್ ಹಚ್ಚುತ್ತಾರೆ. ಅಂಗಡಿಯಲ್ಲಿ ರೇಷ್ಮೆಯಂತೆ ಹೊಳೆಯುತ್ತದೆ, ಕೆಲವು ತೊಳೆತಕ್ಕೆ ಸಿಲಿಕೋನ್ ಹೋಗಿ ಸಿಕ್ಕು ಶುರು. ಆದ್ದರಿಂದ ರೆಮಿ ಹೌದೇ ಎಂದು ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಕೂದಲಿನ ಬೆಲೆ ಏರುವುದು ಉದ್ದಕ್ಕೆ. ಗಿಡ್ಡ ವಿಗ್ ಆರಿಸಿದವರು ಅದೇ ಹಣಕ್ಕೆ ಉದ್ದಕ್ಕಿಂತ ಗುಣ ನೋಡಿ ಕೊಳ್ಳಬಹುದು.

ಅಳತೆಯಲ್ಲಿ ಉದಾಸೀನ ಬೇಡ. ಹಣೆಯ ಕೂದಲಂಚಿನಿಂದ ಕಿವಿಯ ಮೇಲ್ಗಡೆ ಹಾಯ್ದು ಹೆಡತಲೆ ಸುತ್ತಿ ಮತ್ತೆ ಹಣೆಗೆ ಟೇಪ್ ಹಿಡಿಯಿರಿ. ವಯಸ್ಕ ಹೆಂಗಸರಲ್ಲಿ ಇದು ಹೆಚ್ಚಾಗಿ 54ರಿಂದ 57 ಸೆಂಟಿಮೀಟರ್ ಒಳಗೆ ಬರುತ್ತದೆ. ಕೂದಲು ಪೂರ್ತಿ ಹೋದ ಮೇಲೆ ಸುತ್ತಳತೆ ಇಳಿಯುವುದರಿಂದ, ಮುಂಚೆಯೇ ಕೊಳ್ಳುವವರು ಹಿಂಭಾಗದಲ್ಲಿ ಬಿಗಿ ಮಾಡುವ ಪಟ್ಟಿ ಇರುವುದನ್ನೇ ಆರಿಸಬೇಕು. ಹಾಕಿಕೊಂಡಾಗ ಮುಂದಿನ ಅಂಚು ಹುಬ್ಬಿನಿಂದ ನಾಲ್ಕು ಬೆರಳು ಮೇಲಿರಲಿ. ಹುಬ್ಬಿನ ಹತ್ತಿರಕ್ಕೆ ಎಳೆದುಕೊಂಡರೆ ಟೊಪ್ಪಿಯಂತೆ ಕಾಣುತ್ತದೆ. ಕಿವಿಯ ಮುಂದೆ ಬರುವ ಎರಡು ಕಿರು ನಾಲಗೆಗಳು ಸಮವಾಗಿವೆಯೇ ನೋಡಿ. ಲೋಕಲಿನ ನೂಕಾಟದಲ್ಲಿ ಯಾರದೋ ಬ್ಯಾಗಿನ ಪಟ್ಟಿ ಸಿಕ್ಕಿ ವಿಗ್ ಜಾರುವ ಹೆದರಿಕೆ ಎಲ್ಲರಿಗೂ ಇರುತ್ತದೆ. ತಲೆಗೆ ಸುತ್ತಿಕೊಳ್ಳುವ ವೆಲ್ವೆಟ್ ಪಟ್ಟಿಯ ಮೇಲೆ ಸರಿಯಳತೆಯ ವಿಗ್ ಹಾಕಿದರೆ ಅದು ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಗಿಡ್ಡದ್ದರಲ್ಲಿ ಸಿಕ್ಕಿಕೊಳ್ಳುವ ಉದ್ದವೇ ಇರುವುದಿಲ್ಲ, ಬಾಗಿಲ ಬಳಿಯ ಗಾಳಿಗೂ ಅದು ಹಾರುವುದಿಲ್ಲ.

ಪೆಟ್ಟಿಗೆಯಿಂದ ತೆಗೆದ ವಿಗ್ ಯಾರ ತಲೆಗೂ ಹೇಳಿ ಮಾಡಿಸಿದಂತೆ ಕೂರುವುದಿಲ್ಲ. ಅದನ್ನು ಹಾಕಿಕೊಂಡೇ ಪಾರ್ಲರಿಗೆ ಹೋಗಿ, ತಲೆಯ ಮೇಲೆಯೇ ಕಟ್ ಮಾಡಿಸಬೇಕು. ಕತ್ತರಿಸುವವರಿಗೆ ಸ್ವಲ್ಪ ಸ್ವಲ್ಪವೇ ತೆಗೆಯಲು ಹೇಳಿ. ವಿಗ್ಗಿನಲ್ಲಿ ಕತ್ತರಿಸಿದ್ದು ಮತ್ತೆ ಬೆಳೆಯುವುದಿಲ್ಲ. ನೂರಾರು ರೂಪಾಯಿಯ ಈ ಕೆಲಸ ಸಾವಿರಾರು ರೂಪಾಯಿಯ ವ್ಯತ್ಯಾಸ ತರುತ್ತದೆ. ಇದನ್ನು ಬಿಟ್ಟವರೇ ಆಮೇಲೆ ವಿಗ್ಗನ್ನು ಕಪಾಟಿನಲ್ಲಿ ಇಟ್ಟುಬಿಡುತ್ತಾರೆ. ಎಂಟು ಹತ್ತು ಸಲ ಹಾಕಿದ ಮೇಲೆ ತಣ್ಣೀರಿನಲ್ಲಿ ಸೌಮ್ಯ ಶಾಂಪೂ ಕಲಸಿ ಅದ್ದಿ ತೆಗೆಯಿರಿ, ಉಜ್ಜಬೇಡಿ, ಹಿಂಡಬೇಡಿ. ಸಿಂಥೆಟಿಕ್ಕನ್ನು ಒಣಗಿದ ಮೇಲಷ್ಟೇ ಬಾಚಿ. ತೆಂಗಿನೆಣ್ಣೆ ಹಚ್ಚಲೇಬೇಡಿ.

ಕಿಮೋದಲ್ಲಿರುವವರಿಗೆ ಗಿಡ್ಡ ವಿಗ್ಗಿನಿಂದ ಇನ್ನೂ ಒಂದು ಉಪಕಾರವಿದೆ. ನನ್ನ ಮಟ್ಟಿಗೆ ಅದೇ ದೊಡ್ಡದು. ಚಿಕಿತ್ಸೆ ಮುಗಿದು ಒಂದೆರಡು ತಿಂಗಳಲ್ಲಿ ಸಾಮಾನ್ಯವಾಗಿ ಹೊಸ ಕೂದಲು ಮೊಳೆಯುತ್ತದೆ, ಕೆಲವರಿಗೆ ಮೊದಲು ಗುಂಗುರಾಗಿ ಬರುತ್ತದೆ. ಕೂದಲು ಬೆಳೆಯುವುದು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್. ಸೊಂಟದವರೆಗಿನ ವಿಗ್ ಹಾಕಿಕೊಂಡವರು ಅದನ್ನು ತೆಗೆದ ದಿನ ಎಲ್ಲರಿಗೂ ಎಲ್ಲವನ್ನೂ ವಿವರಿಸಬೇಕಾಗುತ್ತದೆ. ಗಿಡ್ಡ ಲೇಯರ್ ಕಟ್ ಹಾಕಿಕೊಂಡವರ ಸ್ವಂತ ಕೂದಲು ವರ್ಷದೊಳಗೆ ಹೆಚ್ಚುಕಡಿಮೆ ಅದೇ ಆಕಾರಕ್ಕೆ ಬಂದು ಮುಟ್ಟುತ್ತದೆ. ಒಂದು ಸೋಮವಾರ ವಿಗ್ ಬಿಟ್ಟು ಕೆಲಸಕ್ಕೆ ಹೋದರೆ ಆಫೀಸಿನಲ್ಲಿ ಬಹಳ ಮಂದಿಗೆ ತಿಳಿಯುವುದೂ ಇಲ್ಲ. ಕಾಯಿಲೆಯ ವಿಷಯ ಯಾರಿಗೆ ಹೇಳಬೇಕು, ಯಾರಿಗೆ ಬೇಡ ಎಂಬುದು ಅವಳ ಕೈಯಲ್ಲೇ ಉಳಿಯುತ್ತದೆ.

ವಿಗ್ ಯಾಕೆ, ಧೈರ್ಯವಾಗಿ ಹಾಗೇ ಇರಬಾರದೇ ಎಂದು ಉಪದೇಶ ಮಾಡುವವರು ನಮ್ಮ ಸುತ್ತ ಕಡಿಮೆಯಿಲ್ಲ. ವಿಗ್ ಬೇಡ ಎಂದು ಬೋಳುತಲೆಗೆ ಸ್ಕಾರ್ಫ್ ಕಟ್ಟಿ ನಡೆಯುವವರ ಬಗ್ಗೆ ನನಗೆ ಗೌರವವಿದೆ. ಕನ್ನಡಿಯಲ್ಲಿ ತನ್ನ ಮುಖ ತನಗೆ ಗುರುತು ಸಿಗಬೇಕು ಎಂದು ವಿಗ್ ಹಾಕಿಕೊಳ್ಳುವವಳಿಗೂ ಅಷ್ಟೇ ಧೈರ್ಯ ಬೇಕು, ಅವಳಿಗೂ ಅಷ್ಟೇ ಗೌರವ ಸಲ್ಲಬೇಕು.

ಕುರ್ಲಾದ ಅಕ್ಕಂದಿರೇ, ಊರಿನಿಂದ ಬಂದವರಿಗೆ ಆಸ್ಪತ್ರೆಯಲ್ಲಿ ಕಿಮೋ ಆರಂಭದ ತಾರೀಖು ಸಿಕ್ಕ ಕೂಡಲೇ, ಕೂದಲು ಇನ್ನೂ ತಲೆಯ ಮೇಲಿರುವಾಗಲೇ, ಅವರನ್ನು ಅಂಗಡಿಗೆ ಕರೆದುಕೊಂಡು ಹೋಗಿ. ಬಣ್ಣವನ್ನೂ ಕಟ್ಟನ್ನೂ ಅವರ ಕೂದಲಿನ ಪಕ್ಕದಲ್ಲೇ ಹಿಡಿದು ನೋಡಬಹುದು. ಹಗಲಿನಲ್ಲಿ ಹೋಗಿ, ಎರಡು ಮೂರು ವಿಗ್ ಹಾಕಿಸಿ ನೋಡಿ, ಆರಿಸುವುದನ್ನು ಅವರಿಗೇ ಬಿಡಿ. ಮುಂದೆ ಅವರ ಕೂದಲು ಬಂದ ಮೇಲೆ ಆ ವಿಗ್ಗನ್ನು ತೊಳೆದು, ಒಣಗಿಸಿ, ಮತ್ಸ್ಯಗಂಧದಲ್ಲಿ ಬರುವ ಮುಂದಿನವರಿಗಾಗಿ ತೆಗೆದಿಡಿ.